ಉಗುಳುವ ಕೆಲಸ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಹಿಂಬದಿ ಕೋಣೆಯಲ್ಲಿ
ನನಗೆ ಸಂಬಳ ಕೊಡುವುದು ಹೀರುವುದಕ್ಕೆ, ಮತ್ತು ಉಗುಳುವುದಕ್ಕೆ.
ದಿನಕ್ಕೆ ನಲವತ್ತು ಬಟ್ಟಲು.
ಚಮಚದ ತುದಿಗೆ ತುಟಿ ತಾಗಿಸಿ ಸುರ್ರೆಂದು ಎಳೆದರೆ
ಬೀಜ ಕಣದಲ್ಲಿ ಒಂದು ದಿನ ಹೆಚ್ಚು ಬಿದ್ದಿತ್ತೋ,
ಪಕ್ಕದ ಮೂಟೆಯಲ್ಲಿ ಕರಿಮೆಣಸಿತ್ತೋ,
ನಾಲಗೆ ಹೇಳುತ್ತದೆ, ಕೈ ಬರೆದುಕೊಳ್ಳುತ್ತದೆ.
ಆಮೇಲೆ ಎಲ್ಲವೂ ಹಿತ್ತಾಳೆಯ ಪೀಕದಾನಿಗೆ.

ಕಾಫಿ ನನಗಾಗದು. ಒಂದು ಗುಟುಕು ತಪ್ಪಿ ಇಳಿದರೂ
ನಡುರಾತ್ರಿಯ ತನಕ ಎದೆಯಲ್ಲಿ ಸೌದೆ ಒಲೆ.
ಬಟ್ಟಲು ತೊಳೆಯುತ್ತ ರಜಾಕ್ ನಗುತ್ತಾನೆ:
"ಅಕ್ಕಾ, ನಿಮಗಿಂತ ಈ ಪೀಕದಾನಿ ಪುಣ್ಯ ಮಾಡಿದೆ."

ಗೋಧಿ ಬಿಡಬೇಕೆಂದು ಮೈಸೂರಿನ ಡಾಕ್ಟರು ಹೇಳಿ ಏಳು ವರ್ಷ.
ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದು ತೋರಿಸಿದರು,
ಒಳಗೋಡೆಯ ತುಂಬ ಎಳೆಹುಲ್ಲು ಇರಬೇಕಿತ್ತಂತೆ,
ನನ್ನದು ಬೋಳು.
ಪಫ್ಫು, ಬನ್ನು, ಚಪಾತಿ,
ಒಂದೊಂದನ್ನೂ ದನದ ಹಾಗೆ ಒಳಗೆ ಬಿಟ್ಟು ನಾನೇ ಮೇಯಿಸಿದ್ದೆ.
ಹಾಲು ಆಮೇಲೆ ಹೋಯಿತು.
ಗೋಡಂಬಿ ಅದಕ್ಕೂ ಎಷ್ಟೋ ಮೊದಲು, ಹತ್ತನೇ ವಯಸ್ಸಿನಲ್ಲಿ,
ತುಟಿ ಹಲಸಿನ ತೊಳೆಯಷ್ಟು ಊದಿ, ಉಸಿರು ಶಿಳ್ಳೆ ಹಾಕಿದ ರಾತ್ರಿ.
ಮೊಟ್ಟೆಯ ವಿಷಯ ಇನ್ನೂ ತನಿಖೆಯಲ್ಲಿದೆ.

ಅಕ್ಕಿಯ ನಾಡಿದು. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ.
ಹುಟ್ಟಿದ ಊರೇ ಪಥ್ಯದ ಊರು, ನಿನಗೇನು ಕಷ್ಟ?
ಕಷ್ಟ ಇಂಗಿನ ಡಬ್ಬಿಯಲ್ಲಿದೆ, ಮೈದಾ ಬೆರೆತು.
ಒಟ್ಟಿ ಸುಡುವ ಕಾವಲಿಯಲ್ಲಿದೆ,
ಬೆಳಿಗ್ಗೆ ಅದರ ಮೇಲೆ ಪರೋಟ ಬೆಂದಿತ್ತಲ್ಲ.
ಬಸ್‌ಸ್ಟ್ಯಾಂಡಿನೆದುರು ಮೋಮೋದ ಹಬೆ ಕನ್ನಡಕಕ್ಕೆ ಬಡಿದಾಗ
ಕೇಳದೆ ನಿಂತುಬಿಡುವ ಕಾಲಿನಲ್ಲಿದೆ.
ಹೆಚ್ಚಿನ ಪಾಲು, ಕೇಳುವುದರಲ್ಲಿದೆ.
ಯಾವ ಸೌಟು? ಯಾವ ಎಣ್ಣೆ? ಪುಡಿ ಮನೆಯದೋ, ಅಂಗಡಿಯದೋ?
ಕೇಳಿ ಕೇಳಿ ನೆಂಟರ ಅಡುಗೆಮನೆಗೆಲ್ಲ
ನಾನೊಬ್ಬಳು ಪೊಲೀಸಾಗಿದ್ದೇನೆ.
ನನ್ನನ್ನು ಕಂಡರೆ ಡಬ್ಬಿಗಳು ಮುಚ್ಚಳ ಹಾಕಿಕೊಳ್ಳುತ್ತವೆ.

ವಿರಾಜಪೇಟೆಯ ಮದುವೆಯ ಊಟದಲ್ಲಿ
ನನ್ನ ಸ್ಟೀಲ್ ಡಬ್ಬಿ ತೆರೆದಾಗ ಬೊಳ್ಳವ್ವತ್ತೆ ಏನೂ ಅನ್ನಲಿಲ್ಲ.
ಪಂದಿಕರಿಯ ಸೌಟು ಹಿಡಿದು ನನ್ನೆದುರು ನಿಂತಳು,
ಆಮೇಲೆ ಮುಂದಿನ ಎಲೆಗೆ ಹೋದಳು.
ಆ ನಿಂತಷ್ಟು ಹೊತ್ತು
ಯಾವ ರಿಪೋರ್ಟಿನಲ್ಲೂ ಇಲ್ಲ.

ಅವಳೇ ಫೋನ್ ಮಾಡಿದಳು, ಕಕ್ಕಡ ಹದಿನೆಂಟರ ಹಿಂದಿನ ಸಂಜೆ.
"ಮದ್ದುಸೊಪ್ಪು ಕೊಯ್ದು ತಂದಿದೆ, ನಾಳೆ ಪಾಯಸ.
ತೆಂಗಿನ ಹಾಲೇ ಹಾಕೋದು. ಗೋಡಂಬಿ ಮನೆಯಲ್ಲೇ ಇಲ್ಲ.
ಪಾತ್ರೆ ಹೊಸದು, ಗೋಣಿಕೊಪ್ಪದಲ್ಲಿ ಕೊಂಡದ್ದು,
ಸೌಟೂ ಹೊಸದು.
ಇನ್ನೇನು ಕೇಳಬೇಕೋ ಕೇಳು."
ಕೇಳಲು ಏನೂ ಹೊಳೆಯಲಿಲ್ಲ. ಮೂಗು ಸೋರುತ್ತಿತ್ತು.

ಆ ಒಂದು ದಿನ ಎಲೆಯಲ್ಲಿ ಹದಿನೆಂಟು ಮದ್ದು ಕೂಡಿರುತ್ತವಂತೆ.
ಬೇಯಿಸಿದ ನೀರು ನೇರಳೆ, ಅದರಲ್ಲಿ ಬೆಂದ ಅಕ್ಕಿ ನೇರಳೆ,
ಬೆಲ್ಲ, ಏಲಕ್ಕಿ, ಔಷಧಿ ಅಂಗಡಿಯ ಬಾಗಿಲಿನಂಥ ಒಂದು ವಾಸನೆ.
ಊರಿಗೆ ಊರೇ ಊಟವೆಂದು ಮದ್ದು ತಿನ್ನುವ ದಿನ.
ವರ್ಷದ ಮಿಕ್ಕ ದಿನವೆಲ್ಲ ನಾನೊಬ್ಬಳೇ.
ಎರಡು ಬಟ್ಟಲು ತಿಂದೆ. ನುಂಗಿದೆ.
ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ
ಅವಳ ಮೊಮ್ಮಗ ನಾಚಪ್ಪ ಕೂಗಿದ: "ಕೆಂಪು! ನಂದು ಕೆಂಪು!"
ಅವನ ಅಪ್ಪನದೂ, ಎಪ್ಪತ್ತೆಂಟರ ಅತ್ತೆಯದೂ ಕೆಂಪು.
ನನ್ನದೂ.
ಎಲ್ಲರ ಮೈಯೊಳಗೂ ಅದೇ ದಾರಿ, ಅದೇ ಬಣ್ಣ.
ಕಾಪಿಟ್ಟ ಬಡಕರುಳು ನನ್ನದು, ಒಂದು ದಿನವಾದರೂ
ಊರ ಲೆಕ್ಕಕ್ಕೆ ಸೇರಿತು.

ಹತ್ತು ಗಂಟೆಗೆ ಕೆಲಸಕ್ಕೆ ಹೋದೆ.
ಮೊದಲ ಬಟ್ಟಲಿನ ಮುಂದೆ ಬರೆದೆ:
ಹುಳಿ ಹದ, ಮೈ ತೆಳು,
ಕೊನೆಯಲ್ಲಿ ಮದ್ದುಸೊಪ್ಪು.
ರಜಾಕ್ ಇಣುಕಿ ನೋಡಿದ.
ಹೊಡೆದುಹಾಕಿದೆ.